ಮೊಣಕಾಲಿಗೊಂದು ಬಟನ್

ಸೋಲ್ಡರಿಂಗ್ ಕೆಲಸ ಇದ್ದದ್ದು ಒಂದು ಗಂಟೆ. ಕೈ ಹಿಡಿತಕ್ಕೆ ಸಿಗದ ಅಕ್ಕನ ಮಗಳು ಕಂಪ್ಯೂಟರ್ ನಡೆಸಲಿ ಅಂತ ಮಾಡಿದ ಆ ಬಟನ್ ಎಲ್ಲಿ ಇಡಬೇಕು ಅಂತ ತಿಳಿಯೋಕೆ ಏಳು ಭಾನುವಾರ ಬೇಕಾಯಿತು. ಅದಕ್ಕೇ ಇದನ್ನೆಲ್ಲ ಬರೆದಿಡುತ್ತಿದ್ದೇನೆ, ನಾನು ಎಡವಿದ ಕಲ್ಲಿಗೇ ನೀವೂ ಎಡವಬೇಕಿಲ್ಲ ಅಲ್ವಾ.

ನನ್ನದು ಹಾಸನದಲ್ಲಿ ಒಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ. ಅಕ್ಕನ ಮನೆ ಅರಸೀಕೆರೆ. ಅಕ್ಕನ ಮಗಳು ಪುಟ್ಟಿಗೆ ಐದು ವರ್ಷ, ಸೆರೆಬ್ರಲ್ ಪಾಲ್ಸಿ ಇದೆ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗುವುದಿಲ್ಲ. ಮಾತು ಬರುವುದಿಲ್ಲ, ಆದರೆ ಮನೆಯಲ್ಲಿ ಯಾರು ಏನು ಮಾತಾಡಿದರೂ ಅವಳಿಗೆ ಗೊತ್ತಾಗುತ್ತದೆ. ನಾನು ತಮಾಷೆ ಮಾಡಿದರೆ ಎಲ್ಲರಿಗಿಂತ ಮೊದಲು ನಗುವವಳು ಅವಳೇ. ಕೈ ಮಾತ್ರ ಅವಳ ಮಾತು ಕೇಳುವುದಿಲ್ಲ. ಬೇಕು ಅಂದ ಕಡೆ ಹೋಗುವುದಿಲ್ಲ, ಬೇಡ ಅಂದಾಗ ತಾನಾಗಿ ಹಾರುತ್ತದೆ. ಫೋನ್ ಕೊಟ್ಟರೆ ಐದು ಬೆರಳೂ ಒಟ್ಟಿಗೆ ಪರದೆಗೆ ಬಡಿಯುತ್ತವೆ, ಹಾಡು ನಿಲ್ಲುತ್ತದೆ, ಅಳು ಶುರುವಾಗುತ್ತದೆ. "ನಿನ್ನ ಅಂಗಡೀಲಿ ಅಷ್ಟೊಂದು ಸಾಮಾನು ಬಿದ್ದಿದೆಯಲ್ಲೋ, ಇವಳಿಗೆ ಅಂತ ಏನಾದ್ರೂ ಮಾಡೋಕಾಗಲ್ವಾ" ಅಂತ ಅಕ್ಕ ಕೇಳಿದ್ದು ಯುಗಾದಿ ದಿನ, ಹೋಳಿಗೆ ಬಡಿಸುತ್ತಾ.

ಇಂಥ ಮಕ್ಕಳಿಗೆ ಅಂತಲೇ ದೊಡ್ಡ ಬಟನ್‌ಗಳು ಸಿಗುತ್ತವೆ. ಅದಕ್ಕೆ ಸುಮ್ನೆ 'ಸ್ವಿಚ್' ಅನ್ನುತ್ತಾರೆ. ಬಿಗ್ ರೆಡ್ ಅಂತ ಒಂದಿದೆ, 5 ಇಂಚು ಅಗಲ. ಜೆಲ್ಲಿ ಬೀನ್ ಅಂತ ಇನ್ನೊಂದು, 2.5 ಇಂಚು. ಒಳಗೆ ಇರೋದು ಒತ್ತಿದರೆ ಎರಡು ತಂತಿ ಸೇರುವ ಒಂದು ಸಾದಾ ಸ್ವಿಚ್ ಅಷ್ಟೇ, ಆದರೆ ಹೊರದೇಶದಿಂದ ತರಿಸಿದರೆ ಸಾವಿರಗಟ್ಟಲೆ ಆಗುತ್ತದೆ. ಒಂದು ಒಳ್ಳೆಯ ವಿಷಯ ಏನೆಂದರೆ, ಇವೆಲ್ಲಕ್ಕೂ ಕೊನೆಯಲ್ಲಿ ಇರೋದು 3.5 ಮಿ.ಮೀ. ಮೊನೊ ಪಿನ್, ಹಳೇ ರೇಡಿಯೊಗೆ ಇಯರ್‌ಫೋನ್ ಚುಚ್ಚುತ್ತಿದ್ದೆವಲ್ಲ, ಅದೇ. ಕೈಕಾಲು ಸರಿಯಾಗಿ ಆಡದವರೂ ವಿಡಿಯೋ ಗೇಮ್ ಆಡಲಿ ಅಂತ 2018ರಲ್ಲಿ ಮೈಕ್ರೋಸಾಫ್ಟ್ ತಂದ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್ ಹಿಂದುಗಡೆ ಇಂಥ 19 ಸಾಕೆಟ್ ಸಾಲಾಗಿವೆ. ಹಾಗಾಗಿ ನಾವು ಮನೆಯಲ್ಲಿ ಮಾಡಿದ ಬಟನ್‌ಗೂ ಅದೇ ಪಿನ್ ಹಾಕಿದರೆ ನಾಳೆ ಬೇರೆ ಯಾವುದಕ್ಕಾದರೂ ಚುಚ್ಚಬಹುದು. ತಂತಿ ನೇರವಾಗಿ ಸೋಲ್ಡರ್ ಮಾಡಿ ಮುಗಿಸುವ ಆಸೆ ಬರುತ್ತದೆ. ಬೇಡ.

ಮೊದಲ ಪ್ರಯೋಗ ಹಳೇ ಯುಎಸ್‌ಬಿ ಮೌಸ್. ಅಂಗಡಿಯಲ್ಲಿ ಚಕ್ರ ಕೆಟ್ಟ ಮೌಸ್‌ಗಳು ಒಂದು ಡಬ್ಬ ತುಂಬ ಇವೆ. ಬಿಚ್ಚಿದರೆ ಎಡ ಬಟನ್ ಕೆಳಗೆ ಒಂದು ಪುಟ್ಟ ಮೈಕ್ರೋಸ್ವಿಚ್, ಮೂರು ಕಾಲು. ಮಲ್ಟಿಮೀಟರ್‌ನಲ್ಲಿ ಬೀಪ್ ಇಟ್ಟು, ಒತ್ತಿದಾಗ ಯಾವ ಎರಡು ಕಾಲು ಸೇರುತ್ತವೆ ನೋಡಿ, ಆ ಎರಡಕ್ಕೆ ತಂತಿ ಸೋಲ್ಡರ್ ಮಾಡಿ 3.5 ಮಿ.ಮೀ. ಸಾಕೆಟ್‌ಗೆ ಎಳೆದೆ. ಮೂಲ ಸ್ವಿಚ್ ತೆಗೆಯಬೇಕಿಲ್ಲ, ಎರಡೂ ಪ್ಯಾರಲಲ್, ಅಂದರೆ ಯಾವುದು ಒತ್ತಿದರೂ ನಡೆಯುತ್ತದೆ. ಮೌಸ್ ಹೊಟ್ಟೆಯ ಕೆಳಗಿನ ಕಣ್ಣಿಗೆ ಕಪ್ಪು ಟೇಪ್ ಅಂಟಿಸಿದೆ, ಇಲ್ಲದಿದ್ದರೆ ಮೇಜು ಅಲುಗಿದಾಗಲೆಲ್ಲ ಬಾಣ ಓಡಾಡುತ್ತದೆ. ಖರ್ಚು ಸಾಕೆಟ್‌ಗೆ ಹದಿನೈದು ರೂಪಾಯಿ. ಸೋಲ್ಡರಿಂಗ್ ಬರದವರು ಬಡಾವಣೆಯ ಟಿವಿ ರಿಪೇರಿಯವರ ಹತ್ತಿರ ಹೋದರೂ ಆಯ್ತು, ಹತ್ತು ನಿಮಿಷದ ಕೆಲಸ.

ಬಟನ್ ಮಾಡಿದ್ದು ಎರಡು ಮುಚ್ಚಳದಿಂದ. ಕೆಳಗೆ ತುಪ್ಪದ ಡಬ್ಬಿಯ ದೊಡ್ಡ ಮುಚ್ಚಳ, ಮೇಲೆ ಅದರೊಳಗೆ ಸಡಿಲವಾಗಿ ಕೂರುವ ಕೆಂಪು ಮುಚ್ಚಳ. ನಡುವೆ ಪಟ್ಟಿ ಇರುವ ಮೈಕ್ರೋಸ್ವಿಚ್ ಒಂದು. ನಾನು ಮಧ್ಯಕ್ಕೆ ಒತ್ತಿದೆ, ಟಿಕ್ ಅಂತು, ಖುಷಿಯಾಯ್ತು. ಅರಸೀಕೆರೆಗೆ ಹೋಗಿ ಪುಟ್ಟಿ ಮುಂದೆ ಇಟ್ಟರೆ ಅವಳು ಒತ್ತಿದ್ದು ಅಂಚಿಗೆ. ಮುಚ್ಚಳ ಒಂದು ಕಡೆ ವಾಲಿತು, ಮಧ್ಯದ ಸ್ವಿಚ್‌ಗೆ ಏನೂ ತಾಗಲೇ ಇಲ್ಲ. ಮಗು ಅಷ್ಟು ಕಷ್ಟಪಟ್ಟು ಕೈ ತಂದು ಒತ್ತಿದೆ, ಪರದೆಯಲ್ಲಿ ಏನೂ ಆಗಲಿಲ್ಲ. ಅವಳು ನನ್ನ ಮುಖ ನೋಡಿದಳು. ನಾನು ಬೇರೆ ಕಡೆ ನೋಡಿದೆ.

ವಾಪಸ್ ಬಂದು ಒಂದರ ಬದಲು ಮೂರು ಮೈಕ್ರೋಸ್ವಿಚ್ ಹಾಕಿದೆ, ಅಂಚಿನ ಸುತ್ತ ಸಮ ದೂರದಲ್ಲಿ, ಮೂರೂ ಪ್ಯಾರಲಲ್. ಈಗ ಯಾವ ಮೂಲೆಗೆ ಒತ್ತಿದರೂ ಒಂದಲ್ಲ ಒಂದು ಸೇರುತ್ತದೆ. ನಡುವೆ ಚಪ್ಪಲಿಯ ಫೋಮ್ ತುಂಡು, ಮುಚ್ಚಳ ತಾನಾಗಿ ಮೇಲೆ ಬರಲಿ ಅಂತ. ಅಡುಗೆಮನೆ ತಕ್ಕಡಿ ಮೇಲೆ ಇಟ್ಟು ಒತ್ತಿ ನೋಡಿದೆ, ಸುಮಾರು 180 ಗ್ರಾಂ ಭಾರಕ್ಕೆ ಕೆಲಸ ಮಾಡುತ್ತಿತ್ತು. ಫೋಮ್ ತೆಳ್ಳಗೆ ಕತ್ತರಿಸಿದರೆ ಇನ್ನೂ ಹಗುರ ಆಗುತ್ತದೆ, ಆದರೆ ತೀರಾ ಹಗುರ ಮಾಡಿದರೆ ಕೈ ಸುಮ್ನೆ ಅದರ ಮೇಲೆ ಬಿದ್ದುಕೊಂಡರೂ ಒತ್ತಿದ ಹಾಗೆ ಆಗುತ್ತದೆ. ಅದು ಇನ್ನೂ ಕೆಟ್ಟದ್ದು.

ಸದ್ದಿನ ವಿಷಯ ನನಗೆ ಗೊತ್ತೇ ಇರಲಿಲ್ಲ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡ್‌ಗೆ ಹೋದಾಗ ವಿಡಿಯೋ ಗೇಮ್ ಮೆಷಿನ್‌ಗಳಲ್ಲಿ ಇರುವಂಥ ಬಣ್ಣದ ಬಟನ್ ನೋಡಿ ಚೆಂದ ಅಂತ ಎರಡು ತಂದಿದ್ದೆ. ಅದು ಒತ್ತಿದಾಗ 'ಟಕ್' ಅನ್ನುತ್ತದೆ. ಆ ಸದ್ದಿಗೆ ಪುಟ್ಟಿ ಬೆಚ್ಚಿಬಿದ್ದು ಎರಡೂ ಕೈ ಹೊರಗೆ ಚಾಚಿದಳು, ಮೈಯೆಲ್ಲ ಬಿಗಿಯಾಯಿತು, ಮತ್ತೆ ಸಡಿಲವಾಗೋಕೆ ಐದು ನಿಮಿಷ. ಎಳೇ ಕೂಸುಗಳು ಸದ್ದಿಗೆ ಹೀಗೆ ಬೆಚ್ಚುವುದು ಸಹಜ, ನಾಲ್ಕೈದು ತಿಂಗಳಿಗೆ ಕಡಿಮೆಯಾಗುತ್ತದೆ, ಈ ಮಕ್ಕಳಲ್ಲಿ ಅದು ಎಷ್ಟೋ ಸಲ ಉಳಿದುಬಿಡುತ್ತದೆ ಅಂತ ಆಮೇಲೆ ಫಿಸಿಯೋ ಮೇಡಂ ಹೇಳಿದರು. ಆ ಚೆಂದದ ಬಟನ್‌ಗಳು ಈಗಲೂ ಅಂಗಡಿಯ ಡ್ರಾಯರ್‌ನಲ್ಲಿವೆ. ಯಾರಿಗಾದರೂ ಬೇಕಿದ್ದರೆ ಹೇಳಿ.

ಮೌಸ್ ಬಿಟ್ಟು ಬೋರ್ಡಿಗೆ ಹೋಗಿದ್ದು ಯಾಕೆ ಅಂದರೆ, ಪುಟ್ಟಿ ಕೈ ಒಂದು ಸಲ ಒತ್ತಿದ ಮೇಲೆ ನಡುಗುತ್ತದೆ. ಅವಳ ಲೆಕ್ಕದಲ್ಲಿ ಒಂದು ಒತ್ತು, ಕಂಪ್ಯೂಟರ್ ಲೆಕ್ಕದಲ್ಲಿ ಐದು. ಚಿತ್ರಗಳು ದಡದಡ ಓಡಿಬಿಡುತ್ತವೆ. ಅದಕ್ಕೆ ಪ್ರೊ ಮೈಕ್ರೋ ಅನ್ನೋ ಪುಟ್ಟ ಆರ್ಡುಯಿನೋ ತರಹದ, ನಮ್ಮದೇ ಪ್ರೋಗ್ರಾಂ ಹಾಕಬಹುದಾದ ಬೋರ್ಡ್ ತಂದೆ. ಅದರಲ್ಲಿರುವ ಎಟಿಮೆಗಾ 32ಯು4 ಚಿಪ್ ಯುಎಸ್‌ಬಿಗೆ ಚುಚ್ಚಿದರೆ ತಾನೇ ಒಂದು ಕೀಬೋರ್ಡ್ ಅಥವಾ ಮೌಸ್ ಅಂತ ಹೇಳಿಕೊಳ್ಳುತ್ತದೆ. ಕಾಲೇಜು ಹುಡುಗರ ಹತ್ತಿರ ಇರುವ ಸಾಮಾನ್ಯ ಆರ್ಡುಯಿನೋ ಊನೋ ಬೋರ್ಡಿನ ಚಿಪ್ ಹಾಗೆ ನೇರವಾಗಿ ಮಾಡುವುದಿಲ್ಲ, ಕೊಳ್ಳುವಾಗ ನೋಡಿಕೊಳ್ಳಿ. ವೈರಿಂಗ್ ಇಷ್ಟೇ: ಸಾಕೆಟ್‌ನ ಒಂದು ತಂತಿ ಪಿನ್ 2ಕ್ಕೆ, ಇನ್ನೊಂದು ಗ್ರೌಂಡ್‌ಗೆ, ಚಿಪ್ ಒಳಗಿನ ಪುಲ್-ಅಪ್ (ಬಟನ್ ಒತ್ತದಿದ್ದಾಗ ಪಿನ್ ಅನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ರೆಸಿಸ್ಟರ್) ಆನ್. ಪ್ರೋಗ್ರಾಂ ಕೂಡ ಹದಿನೈದು ಸಾಲು. ಬಟನ್ ಒತ್ತಿದ ತಕ್ಷಣ ಸ್ಪೇಸ್ ಕೀ ಒಂದು ಸಲ ಒತ್ತಿ ಬಿಡು, ಆಮೇಲೆ 700 ಮಿಲಿಸೆಕೆಂಡ್ ಏನೇ ಬಂದರೂ ಕಿವಿಗೆ ಹಾಕಿಕೊಳ್ಳಬೇಡ, ಬಟನ್ ಪೂರ್ತಿ ಬಿಡುವವರೆಗೆ ಮುಂದಿನ ಒತ್ತು ಲೆಕ್ಕಕ್ಕಿಲ್ಲ. ಕೊನೆಯ ಮಾತು ಮುಖ್ಯ. ಕೈ ಬಟನ್ ಮೇಲೆಯೇ ಸಿಕ್ಕಿಕೊಂಡಾಗ ಮಾಮೂಲಿ ಕೀಬೋರ್ಡ್ ಆದರೆ ಅಕ್ಷರ ಸುರಿಯುತ್ತಲೇ ಇರುತ್ತದೆ, ನೋಡಿರುತ್ತೀರಲ್ಲ. (ಬೋರ್ಡ್ ತರೋಕೆ ಆಗದವರು ವಿಂಡೋಸ್‌ನಲ್ಲಿ ಫಿಲ್ಟರ್ ಕೀಸ್ ಆನ್ ಮಾಡಿ ನೋಡಿ, ಬೇಗ ಬೇಗ ಬೀಳುವ ಒತ್ತುಗಳನ್ನು ಅದೂ ಬಿಡುತ್ತದೆ, ಆದರೆ ಅದು ಕೀಬೋರ್ಡಿಗೆ ಮಾತ್ರ, ಮೌಸ್‌ಗೆ ಅಲ್ಲ.)

ಇಲ್ಲಿ ಒಂದು ಪೆದ್ದು ಕೆಲಸ ಮಾಡಿದೆ. ಪ್ರೋಗ್ರಾಂ ಹಾಕುವಾಗ ಬೋರ್ಡಿನ ವೋಲ್ಟೇಜ್ ತಪ್ಪು ಆರಿಸಿದ್ದೆ, 5 ವೋಲ್ಟ್ ಬದಲು 3.3. ಬೋರ್ಡ್ ಮಾಯ, ಕಂಪ್ಯೂಟರ್‌ಗೆ ಕಾಣಿಸಲೇ ಇಲ್ಲ, ಸತ್ತೇಹೋಯ್ತು ಅಂದುಕೊಂಡೆ. ರಿಸೆಟ್ ಪಿನ್ನನ್ನು ಗ್ರೌಂಡ್‌ಗೆ ಬೇಗ ಎರಡು ಸಲ ತಾಗಿಸಿದರೆ ಎಂಟು ಸೆಕೆಂಡ್ ಎಚ್ಚರ ಆಗುತ್ತದೆ, ಅಷ್ಟರಲ್ಲಿ ಸರಿಯಾದ್ದು ಹಾಕಬೇಕು. ಮೂರನೇ ಸಲ ಸಿಕ್ಕಿತು. ಇನ್ನೊಂದು, ಇಂಥ ಅಗ್ಗದ ಬೋರ್ಡ್‌ಗಳ ಯುಎಸ್‌ಬಿ ಸಾಕೆಟ್ ಜೋರಾಗಿ ಎಳೆದರೆ ಕಿತ್ತು ಬರುತ್ತದೆ. ಮಕ್ಕಳ ಮನೆ ಅಂದರೆ ಎಳೆದೇ ಎಳೆಯುತ್ತಾರೆ. ಸುತ್ತ ಗ್ಲೂ ಗನ್ ಅಂಟು ಸುರಿದು, ಕೇಬಲ್‌ಗೆ ಡಬ್ಬಿಯ ಒಳಗಡೆ ಒಂದು ಗಂಟು ಹಾಕಿ ಹೊರಗೆ ಬಿಟ್ಟೆ.

ಇನ್ನು ಪರದೆ. ದೊಡ್ಡ ಸಾಫ್ಟ್‌ವೇರ್ ಏನೂ ಹುಡುಕಲಿಲ್ಲ, ಅಂಗಡಿಯ ಹಳೇ ಲ್ಯಾಪ್‌ಟಾಪ್‌ನಲ್ಲಿದ್ದ ಪವರ್‌ಪಾಯಿಂಟ್ ಸಾಕಾಯಿತು. ಸ್ಪೇಸ್ ಒತ್ತಿದರೆ ಮುಂದಿನ ಸ್ಲೈಡ್ ಬರುತ್ತದಲ್ಲ, ಅಷ್ಟೇ ಬೇಕಿದ್ದದ್ದು. ಕಪ್ಪು ಹಿನ್ನೆಲೆ, ಒಂದು ಸ್ಲೈಡಿಗೆ ಒಂದೇ ದೊಡ್ಡ ಫೋಟೋ, ಬಂದ ತಕ್ಷಣ ಒಂದು ಸದ್ದು. ಅಕ್ಕ ಫೋನಿನಲ್ಲಿ ಮನೆಯ ಸದ್ದುಗಳನ್ನೇ ರೆಕಾರ್ಡ್ ಮಾಡಿ ಕಳಿಸಿದಳು: ಕುಕ್ಕರ್ ವಿಷಲ್, ಭಾವ ತೆಂಗಿನಕಾಯಿ ಒಡೆಯುವುದು, ಅಜ್ಜಿ ಬೆಕ್ಕನ್ನು ಬೈಯುವುದು, ಮನೆ ಹಿಂದೆ ಹೋಗುವ ರೈಲು, ಅಜ್ಜನ ಸೀನು. ಇಂಟರ್‌ನೆಟ್‌ನಲ್ಲಿ ಸಿಗುವ ಸಿಂಹದ ಗರ್ಜನೆಗೆ ಅವಳು ತಿರುಗಿಯೂ ನೋಡಲಿಲ್ಲ. ಸಿಂಹ ಅವಳು ಕಂಡೇ ಇಲ್ಲವಲ್ಲ. ಅಜ್ಜನ ಸೀನಿಗೆ ನಕ್ಕೂ ನಕ್ಕೂ ಬಿಕ್ಕಳಿಕೆ ಬಂತು.

ಕೊನೇ ಸ್ಲೈಡ್ ಆದ ಮೇಲೆ ಪರದೆ ಪೂರ್ತಿ ಕಪ್ಪಾಗಿ ಮೇಲೆ ಸಣ್ಣ ಇಂಗ್ಲಿಷ್ ಸಾಲೊಂದು ಬರುತ್ತದೆ. ತಾನು ಏನೋ ಹಾಳು ಮಾಡಿದೆ ಅಂತ ಅವಳ ಮುಖ ಸಣ್ಣದಾಯಿತು. ಸ್ಲೈಡ್ ಶೋ ಸೆಟ್ಟಿಂಗ್‌ನಲ್ಲಿ ಎಸ್ಕೇಪ್ ಒತ್ತುವವರೆಗೆ ಸುತ್ತುತ್ತಲೇ ಇರು ಅನ್ನೋದಕ್ಕೆ ಟಿಕ್ ಹಾಕಿ, ಮೊದಲೇ ಹಾಕಿ.

ಇಲ್ಲಿವರೆಗೆ ಎರಡು ಭಾನುವಾರ. ಈಗ ಅಸಲಿ ಕಥೆ.

ಬಟನ್ ಅನ್ನು ಅವಳ ಮರದ ಕುರ್ಚಿಯ ಟ್ರೇ ಮೇಲೆ, ಬಲಗೈ ಹತ್ತಿರ ವೆಲ್ಕ್ರೋ ಹಾಕಿ ಕೂರಿಸಿದ್ದೆ. ಪುಟ್ಟಿ ಬಟನ್ ಎಲ್ಲಿದೆ ಅಂತ ಬಲಕ್ಕೆ ತಿರುಗಿ ನೋಡುತ್ತಾಳೆ. ತಲೆ ಬಲಕ್ಕೆ ತಿರುಗಿದ ಕೂಡಲೇ ಬಲಗೈ ಕೋಲಿನ ಹಾಗೆ ನೆಟ್ಟಗೆ ಚಾಚಿ ಬಟನ್ ದಾಟಿ ಆಚೆ ಹೋಗುತ್ತದೆ, ಎಡಗೈ ಮಡಚಿಕೊಳ್ಳುತ್ತದೆ. ಪ್ರತಿ ಸಲ ಹೀಗೇ. ನಾನು ಬಟನ್ ಇನ್ನೂ ಬಲಕ್ಕೆ, ಇನ್ನೂ ಮುಂದಕ್ಕೆ ಸರಿಸುತ್ತಾ ಹೋದೆ. ಕೈಗೆ ತಾಗಿತು ಅನ್ನಿ, ಆದರೆ ಆಗ ಪರದೆ ಎಡಕ್ಕೆ ಉಳಿಯಿತು, ಒತ್ತಿದ್ದಕ್ಕೆ ಬಂದ ಚಿತ್ರ ಅವಳಿಗೆ ಕಾಣಲೇ ಇಲ್ಲ. ಫಿಸಿಯೋ ಮೇಡಂಗೆ ವಿಡಿಯೋ ಕಳಿಸಿದೆ. ಅದು ಹಟ ಅಲ್ಲ, ಅಭ್ಯಾಸವೂ ಅಲ್ಲ, ಕುತ್ತಿಗೆ ತಿರುಗಿದ ಕಡೆಯ ಕೈ ಚಾಚುವುದು ಎಳೇ ಕೂಸುಗಳಲ್ಲಿ ಇರುವ ಒಂದು ರಿಫ್ಲೆಕ್ಸ್, ಇವಳಲ್ಲಿ ಹೋಗಿಲ್ಲ, ನೀವು ಬಟನ್ ಹಾಗೆ ಪಕ್ಕಕ್ಕೆ ಇಟ್ಟಷ್ಟೂ ಅದನ್ನೇ ಗಟ್ಟಿ ಮಾಡುತ್ತೀರಿ ಅಂದರು. ಬೈದರು ಅಂತಲೇ ಹೇಳಬೇಕು. ನಾನು ಮೊದಲು ಕೇಳಬೇಕಿತ್ತು, ಅಂಗಡಿ ಬುದ್ಧಿ, ಎಲ್ಲ ವೈರಿಂಗ್ ಸಮಸ್ಯೆ ಅಂದುಕೊಂಡೆ.

ಸರಿ, ನಡುವೆ ಇಟ್ಟೆವು. ಪರದೆ ನೇರ ಎದುರಿಗೆ ಕಣ್ಣಿನ ಮಟ್ಟಕ್ಕೆ, ಬಟನ್ ಎದೆಯ ಎದುರು, ಓರೆಯಾಗಿ. ಕೈ ನಡುವಿಗೆ ಬರುತ್ತಿತ್ತು, ಹತ್ತರಲ್ಲಿ ಮೂರು ಸಲ. ಆದರೆ ತಲೆ ಬಾಗಿದಾಗಲೆಲ್ಲ ಜೊಲ್ಲು ಸರಿಯಾಗಿ ಬಟನ್ ಮೇಲೆ. ಎಂಟನೇ ದಿನ ಅಕ್ಕನ ಫೋನ್: "ನಿನ್ನ ಡಬ್ಬಿ ತಾನೇ ಒತ್ಕೋತಾ ಇದೆ ಕಣೋ, ರೈಲು ನಿಲ್ಲಿಸ್ತಾನೇ ಇಲ್ಲ." ಬಿಚ್ಚಿ ನೋಡಿದರೆ ಮೂರರಲ್ಲಿ ಎರಡು ಮೈಕ್ರೋಸ್ವಿಚ್ ಒಳಗೆ ಒದ್ದೆ, ಪಟ್ಟಿಗೆ ತುಕ್ಕು. ಹೊಸದು ಹಾಕಿ ಇಡೀ ಬಟನ್ ಅನ್ನು ಜಿಪ್ ಕವರ್ ಒಳಗೆ ಹಾಕಿ, ತಂತಿ ಬರುವ ಬಾಯಿ ಕೆಳಗಡೆ ಇರುವ ಹಾಗೆ ಟೇಪ್ ಸುತ್ತಿದೆ. ಜೊಲ್ಲಿನ ಬಗ್ಗೆ ನಾನು ನೋಡಿದ ಯಾವ ವಿಡಿಯೋದಲ್ಲೂ ಒಂದು ಮಾತಿಲ್ಲ. ಇಂಥ ಮಕ್ಕಳ ಮನೆಗೆ ಏನೇ ಮಾಡಿ, ಮೊದಲ ದಿನವೇ ಅದಕ್ಕೆ ಮಳೆ ಬರುತ್ತದೆ ಅಂದುಕೊಂಡು ಮಾಡಿ.

ಆಮೇಲೆ ತಲೆಯ ಪಕ್ಕ. ಕುರ್ಚಿಯ ತಲೆದಿಂಬಿನ ಎಡಕ್ಕೆ ಸಣ್ಣ ಬಟನ್ ಕಟ್ಟಿದೆವು. ತಲೆ ಒರಗಿಸಿದರೆ ಸಾಕು. ಮೊದಲ ಐದು ನಿಮಿಷ ಅದ್ಭುತ, ಅಜ್ಜ ನಾಲ್ಕು ಸಲ ಸೀನಿದ. ಆದರೆ ನಗು ಬಂದ ಕೂಡಲೇ ಪುಟ್ಟಿಯ ಮೈ ಹಿಂದಕ್ಕೆ ಸೆಟೆಯುತ್ತದೆ, ತಲೆ ದಿಂಬಿಗೆ ಬಡಿಯುತ್ತದೆ, ಬಟನ್ ಮತ್ತೆ ಒತ್ತುತ್ತದೆ, ಮತ್ತೆ ಸದ್ದು, ಮತ್ತೆ ನಗು. ನೋಡುವವರಿಗೆ ಬಹಳ ಚೆನ್ನಾಗಿ ಒತ್ತುತ್ತಿದ್ದಾಳೆ ಅನ್ನಿಸುತ್ತದೆ. ಅವಳು ಒತ್ತುತ್ತಿರಲಿಲ್ಲ, ಅದು ಆಗುತ್ತಿತ್ತು. ನಾನು ಸದ್ದು ತೆಗೆದು ನೋಡಿದೆ, ನಗು ಇಲ್ಲ, ಒತ್ತೂ ಇಲ್ಲ.

ಐದನೇ ಭಾನುವಾರ ಸೋತು ಕಾಫಿ ಕುಡಿಯುತ್ತಾ ಕೂತಿದ್ದೆ. ಅಕ್ಕ ಪುಟ್ಟಿಗೆ ಸ್ನಾನ ಮಾಡಿಸಿ ಎತ್ತಿಕೊಂಡು ಬಂದಳು. "ಇವಳು ಇನ್ನೂ ನೀರು ಹಾಕು ಅಂತ ಹೇಗೆ ಕೇಳ್ತಾಳೆ ಗೊತ್ತಾ? ಬಲ ಮೊಣಕಾಲಲ್ಲಿ ಬಕೆಟ್‌ಗೆ ಗುದ್ದುತ್ತಾಳೆ." ಎಷ್ಟು ದಿನದಿಂದ ಅಂತ ಕೇಳಿದೆ. "ಎರಡು ವರ್ಷ ಆಯ್ತು." ನಾನು ಕಾಫಿ ಕೆಳಗಿಟ್ಟೆ. ಐದು ವಾರ ಕೈ, ತಲೆ ಅಂತ ಒದ್ದಾಡಿದ್ದೆವು, ಈ ಮಗು ಎರಡು ವರ್ಷದಿಂದ ಬಕೆಟ್ ಅನ್ನೇ ಸ್ವಿಚ್ ಮಾಡಿಕೊಂಡಿತ್ತು. ನಾನಾಗಲಿ ಮೇಡಂ ಆಗಲಿ ಒಂದು ಸಲವೂ ಕಾಲಿನ ಬಗ್ಗೆ ಕೇಳಿರಲಿಲ್ಲ.

ಪರೀಕ್ಷೆ ಬರೆಯುವ ಹಳೇ ಪ್ಯಾಡ್ ಒಂದನ್ನು ಕತ್ತರಿಸಿ, ಕುರ್ಚಿಯ ಬಲಗಡೆ ಹಲಗೆಗೆ ಎಲ್-ಕ್ಲಾಂಪ್ ಹಾಕಿ ನಿಲ್ಲಿಸಿದೆ. ಅದರ ಮೇಲೆ ಬಟನ್, ನೆಟ್ಟಗೆ ನಿಂತ ಹಾಗೆ, ಮೊಣಕಾಲಿನಿಂದ ಎರಡು ಬೆರಳು ದೂರ. ಮೊಣಕಾಲು ಹೊರಗೆ ಸರಿದರೆ ತಾಗುತ್ತದೆ. ಬಟನ್ ನೋಡೋಕೆ ತಿರುಗಬೇಕಿಲ್ಲ, ಕಣ್ಣು ಪರದೆ ಮೇಲೆಯೇ. ಟ್ರೇ ಕೆಳಗೆ ಇರೋದರಿಂದ ಜೊಲ್ಲೂ ಬೀಳುವುದಿಲ್ಲ, ನನ್ನ ಜಿಪ್ ಕವರ್ ವ್ಯರ್ಥ ಆಯ್ತು. ಸೊಂಟದ ಬೆಲ್ಟ್ ಸರಿಯಾಗಿ ಬಿಗಿ ಇರಬೇಕು, ಮಗು ಕೆಳಗೆ ಜಾರಿದರೆ ಮೊಣಕಾಲು ಬಟನ್ ದಾಟಿ ಮುಂದೆ ಹೋಗುತ್ತದೆ. ಅದೊಂದನ್ನು ದಿನವೂ ನೋಡಿಕೊಳ್ಳಬೇಕು.

ಮೊದಲ ದಿನ ಏನೂ ಆಗಲಿಲ್ಲ, ಯಾಕೆಂದರೆ ಮನೆ ತುಂಬ ಜನ "ಒತ್ತು ಪುಟ್ಟಿ, ಒತ್ತು ಒತ್ತು" ಅನ್ನುತ್ತಿದ್ದರು. ಅಜ್ಜಿಯಂತೂ ಬಗ್ಗಿ ಮೊಣಕಾಲು ಹಿಡಿದು ತಾನೇ ಒತ್ತಿಸಿದರು. ಭಾವ ಎಲ್ಲರನ್ನೂ ಹೊರಗೆ ಕಳಿಸಿದರು. ನಾನು ಗಡಿಯಾರ ನೋಡುತ್ತಾ ಬಾಯಿ ಮುಚ್ಚಿ ಕೂತೆ. ಒಂದು, ಎರಡು... ಒಂಬತ್ತು ಸೆಕೆಂಡ್ ಆದ ಮೇಲೆ ಮೊಣಕಾಲು ಸರಿಯಿತು. ಕುಕ್ಕರ್ ಕೂಗಿತು. ಮತ್ತೆ ಹನ್ನೊಂದು ಸೆಕೆಂಡ್. ರೈಲು. ಅವಳಿಗೆ ಬೇಕಾದದ್ದು ಅಷ್ಟು ಹೊತ್ತು, ನಾವು ಮೂರಕ್ಕೇ ಸಹಾಯಕ್ಕೆ ಓಡುತ್ತಿದ್ದೆವು. ಒಂಬತ್ತು ಸೆಕೆಂಡ್ ಸುಮ್ನೆ ಕೂತು ನೋಡಿ, ಎಷ್ಟು ಉದ್ದ ಅಂತ ಗೊತ್ತಾಗುತ್ತದೆ.

ನಡುವೆ ಒಂದು ಸಣ್ಣ ಕೆಲಸ, ಬ್ಯಾಟರಿ ಆಟಿಕೆ. ತಮಟೆ ಬಡಿಯುವ ಕೋತಿ ಒಂದಿತ್ತು ಮನೆಯಲ್ಲಿ. ಹಾಳೆಯಂಥ ಎರಡು ತಾಮ್ರದ ಪಟ್ಟಿ, ನಡುವೆ ಫೈಲ್ ಕವರಿನ ಪ್ಲಾಸ್ಟಿಕ್, ಎರಡೂ ಕಡೆಗೆ ಒಂದೊಂದು ತಂತಿ ಸೋಲ್ಡರ್ ಮಾಡಿ ಅದೇ 3.5 ಸಾಕೆಟ್‌ಗೆ. ಈ ಪಟ್ಟಿಯನ್ನು ಬ್ಯಾಟರಿ ಮತ್ತು ಸ್ಪ್ರಿಂಗ್ ನಡುವೆ ತೂರಿಸಿ ಆಟಿಕೆ ಆನ್ ಮಾಡಿಟ್ಟರೆ, ಬಟನ್ ಒತ್ತಿದಾಗ ಮಾತ್ರ ಕೋತಿ ಬಡಿಯುತ್ತದೆ. ಆನ್-ಆಫ್ ಇರುವ ಸಾದಾ ಆಟಿಕೆಗೆ ಮಾತ್ರ ಇದು ನಡೆಯುತ್ತದೆ, ಆನ್ ಆದ ಮೇಲೆ ಇನ್ನೊಂದು ಗುಂಡಿ ಒತ್ತಬೇಕಾದ ಆಟಿಕೆಗಳಿಗೆ ಆಗುವುದಿಲ್ಲ. ಮನೆಯ ಕರೆಂಟಿನ ಫ್ಯಾನು, ಲೈಟಿಗೆ ಹೀಗೆ ತಂತಿ ಎಳೆಯಲೇಬೇಡಿ, ಒದ್ದೆ ಇರುವ ಜಾಗ ಅದು.

ಏಳನೇ ಭಾನುವಾರ ಆರಿಸುವ ಆಟಕ್ಕೆ ಹೋದೆವು. ಎರಡು ಸ್ಲೈಡ್ ಮಾಡಿದೆ. ಎರಡರಲ್ಲೂ ಅವೇ ಎರಡು ಚಿತ್ರ, ಎಡಕ್ಕೆ 'ಇನ್ನೊಂದು ಸಲ', ಬಲಕ್ಕೆ 'ಸಾಕು'. ಮೊದಲನೆಯದರಲ್ಲಿ ಎಡದ ಚಿತ್ರದ ಸುತ್ತ ಹಳದಿ ಚೌಕ, ಎರಡನೆಯದರಲ್ಲಿ ಬಲದ ಚಿತ್ರಕ್ಕೆ. ಚೌಕ ಬಂದ ಕೂಡಲೇ ಅಕ್ಕನ ದನಿಯಲ್ಲಿ ಆ ಮಾತು. ಮೊದಲು ನಾಲ್ಕು ಸೆಕೆಂಡಿಗೆ ಬದಲಾಗುವ ಹಾಗೆ ಇಟ್ಟೆ, ತಪ್ಪು, ಅವಳ ಹೊತ್ತು ಒಂಬತ್ತು ಹತ್ತು ಅಲ್ವಾ, ಆಮೇಲೆ ಹದಿನಾಲ್ಕಕ್ಕೆ ಏರಿಸಿದೆ. ಸ್ಲೈಡ್ ತುಂಬ ಒಂದು ಪಾರದರ್ಶಕ ಚೌಕ ಎಳೆದು ಅದಕ್ಕೆ ಲಿಂಕ್, ಒತ್ತಿದರೆ ಉತ್ತರದ ಸ್ಲೈಡಿಗೆ ಹಾರುತ್ತದೆ. ಉತ್ತರದ ಸ್ಲೈಡ್‌ಗಳನ್ನು ಹೈಡ್ ಮಾಡಿಟ್ಟಿದ್ದೇನೆ, ಸರದಿಯಲ್ಲಿ ಬರುವುದಿಲ್ಲ, ಲಿಂಕ್ ಮೂಲಕ ಮಾತ್ರ ಬರುತ್ತವೆ. ಲಿಂಕ್‌ಗೆ ಸ್ಪೇಸ್ ಸಾಲದು, ಮೌಸ್ ಕ್ಲಿಕ್ ಬೇಕು, ಹಾಗಾಗಿ ಬೋರ್ಡಿನ ಪ್ರೋಗ್ರಾಂನಲ್ಲಿ ಸ್ಪೇಸ್ ತೆಗೆದು ಎಡ ಕ್ಲಿಕ್ ಹಾಕಿದೆ. ಬಾಣವನ್ನು ಪರದೆ ನಡುವೆ ಬಿಟ್ಟರೆ ಆಯಿತು.

ಅಜ್ಜನ ಸೀನು ಹಾಕಿದೆ. ಪುಟ್ಟಿ 'ಇನ್ನೊಂದು ಸಲ' ಆರಿಸಿದಳು. ಮತ್ತೆ. ಮತ್ತೆ. ಆರನೇ ಸಲ 'ಸಾಕು' ಮೇಲೆ ಒತ್ತು ಬಿತ್ತು. ಅಕಸ್ಮಾತ್ ಆಗಿರಬೇಕು ಅಂತ ಚಿತ್ರಗಳ ಜಾಗ ಅದಲು ಬದಲು ಮಾಡಿ ಮತ್ತೆ ಶುರು ಮಾಡಿದೆ. ಈಗ 'ಸಾಕು' ಮೊದಲು, ಎಡಕ್ಕೆ. ಹತ್ತು ಸೆಕೆಂಡ್, ಮೊಣಕಾಲು ಸರಿಯಿತು, 'ಸಾಕು'. ಹೊತ್ತು ಇನ್ನೂ ಸ್ವಲ್ಪ ಹೊಂದಿಸೋಣ ಅಂತ ನಾನು ಕೀಬೋರ್ಡಿಗೆ ಕೈ ಹಾಕಿದೆ.

"ಸಾಕಂತೆ ಕಣೋ," ಅಂದಳು ಅಕ್ಕ. "ಮುಚ್ಚು ಲ್ಯಾಪ್‌ಟಾಪ್."